ಮಿದುಳಿನ ಸಂದಿಯಲ್ಲಿ ಇಣುಕುವ ಕೆಲಸ

ಹೋದ ಸಂಚಿಕೆಯಲ್ಲಿ ರೆಟ್ ಸಿಂಡ್ರೋಮ್ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಮೊದಲ ವರ್ಷ ಎಲ್ಲ ಸರಿಯಾಗಿಯೇ ಇದ್ದಂತೆ ಕಾಣುತ್ತದೆ, ಆಮೇಲೆ ಮಗು ಆಡುತ್ತಿದ್ದ ಮಾತು ನಿಂತುಹೋಗುತ್ತದೆ, ಕೈಯಲ್ಲಿ ಹಿಡಿಯುತ್ತಿದ್ದ ಚಮಚ ಬಿದ್ದುಹೋಗುತ್ತದೆ ಅಂತ. ಅಷ್ಟಕ್ಕೇ ಬಂದ ಪತ್ರ ನೋಡಿ ನನಗೇ ಆಶ್ಚರ್ಯ. ಈ ಸಲ ಪೂರ್ತಿ ಮಿದುಳು. ಒಂದು ಕಾಲಕ್ಕೆ ಸಿನಾಪ್ಸ್, ಅಂದರೆ ಎರಡು ನರಕೋಶಗಳ ನಡುವಿನ ಸಂದಿ, ಅದರ ಮೇಲೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು ನಾನು, ಹಾಗಾಗಿ ಮಾತೆತ್ತಿದರೆ ಸಿನಾಪ್ಸ್ ಅನ್ನುತ್ತೇನೆ.

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಮಿದುಳಿನ ಬಗ್ಗೆ ಸಂಶೋಧನೆ ಮಾಡಬೇಕು ಅಂತ ಆಸೆ. ಮನೆಯಲ್ಲಿ ನೀಟ್ ಬರಿ, ಡಾಕ್ಟರ್ ಆಗು ಅನ್ನುತ್ತಾರೆ. ಡಾಕ್ಟರ್ ಆದರೆ ಸಂಶೋಧನೆ ತಪ್ಪಿಹೋಗುತ್ತದೆಯೇ? ಈ ದಾರಿಯಲ್ಲಿ ಹೋದ ಯಾರದಾದರೂ ಕಥೆ ಇದ್ದರೆ ಹೇಳಿ.
— ವಿದ್ಯಾರ್ಥಿನಿ, ತಿಪಟೂರು

ಉತ್ತರ: ತಪ್ಪಿಹೋಗುವುದಿಲ್ಲ. ಹುದಾ ಜೋಗ್ಬಿ ಅಂತ ಮಿದುಳಿನ ಸಂಶೋಧನೆ ಮಾಡುವ ಡಾಕ್ಟರ್ ಒಬ್ಬರಿದ್ದಾರೆ, ಅವರ ಕಥೆಯನ್ನೇ ಹೇಳುತ್ತೇನೆ ಕೇಳು. ಹುಟ್ಟಿದ್ದು ಲೆಬನಾನ್ ದೇಶದ ಬೇರೂತ್‌ನಲ್ಲಿ. ಹುಡುಗಿಗೆ ಇಷ್ಟವಿದ್ದದ್ದು ಇಂಗ್ಲಿಷ್ ಸಾಹಿತ್ಯ, ಶೇಕ್ಸ್‌ಪಿಯರ್. ಅಮ್ಮ ಬುದ್ಧಿ ಹೇಳಿ ಮೆಡಿಕಲ್ ಕಡೆ ತಿರುಗಿಸಿದರು. ನಿಮ್ಮ ಮನೆಯ ಹಾಗೇ, ಅಲ್ವಾ? 1975ರಲ್ಲಿ ಬೇರೂತ್‌ನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಮೆಡಿಕಲ್ ಸೇರಿದರು, ಅದೇ ವರ್ಷ ಊರಲ್ಲಿ ಅಂತರ್ಯುದ್ಧ ಶುರುವಾಯಿತು. ಗುಂಡಿನ ಸದ್ದಿನ ನಡುವೆ ಹೇಗೋ ಮೊದಲ ವರ್ಷ ಮುಗಿಸಿದರು. ಬೇಸಿಗೆ ಕಳೆದು ವಾಪಸ್ ಬರೋಣ ಅಂತ ಅಮೆರಿಕಕ್ಕೆ ಹೋದವರಿಗೆ ತಿರುಗಿ ಬರಲು ಆಗಲೇ ಇಲ್ಲ. ಎಲ್ಲಾ ಕಾಲೇಜುಗಳೂ ಅಡ್ಮಿಷನ್ ಮುಗಿಸಿದ ಹೊತ್ತಿನಲ್ಲಿ ನ್ಯಾಶ್‌ವಿಲ್‌ನ ಮೆಹಾರಿ ಮೆಡಿಕಲ್ ಕಾಲೇಜು ಸೀಟು ಕೊಟ್ಟಿತು. ಅಲ್ಲಿ ಓದು ಮುಗಿಸಿ ಹ್ಯೂಸ್ಟನ್‌ನ ಬೇಲರ್ ಕಾಲೇಜಿಗೆ ಹೋಗಿ ಮಕ್ಕಳ ಡಾಕ್ಟರ್ ಆದರು, ಆಮೇಲೆ ನರರೋಗ ಕಲಿಯತೊಡಗಿದರು.

1983ರಲ್ಲಿ ಒಂದು ಹೆಣ್ಣುಮಗುವನ್ನು ಅವರ ಹತ್ತಿರ ಕರೆತಂದರು. ಎದ್ದಿದ್ದಾಗಲೆಲ್ಲ ಎರಡೂ ಕೈ ಸೇರಿಸಿ ಹಿಂಡುತ್ತಾ ಇರುವ ಮಗು, ನಾವು ನಲ್ಲಿ ಕೆಳಗೆ ಕೈ ತೊಳೆಯುತ್ತೇವಲ್ಲ ಹಾಗೆ. ಈ ಕಾಯಿಲೆಯನ್ನು ಮೊದಲು ಗುರುತಿಸಿದವರು ಆಸ್ಟ್ರಿಯಾದ ವಿಯೆನ್ನಾ ಊರಿನ ಆಂಡ್ರಿಯಾಸ್ ರೆಟ್. 1954ರಲ್ಲಿ ಅವರ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಾ ಅಮ್ಮಂದಿರ ತೊಡೆ ಮೇಲೆ ಕೂತಿದ್ದ ಇಬ್ಬರು ಹುಡುಗಿಯರು ಒಂದೇ ಥರ ಕೈ ಉಜ್ಜುತ್ತಿದ್ದದ್ದು ಕಣ್ಣಿಗೆ ಬಿತ್ತಂತೆ. 1966ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದರು. ಹೆಚ್ಚು ಜನ ಓದಲೇ ಇಲ್ಲ. 17 ವರ್ಷ ಕಳೆದ ಮೇಲೆ ಸ್ವೀಡನ್ನಿನ ಬೆಂಗ್ಟ್ ಹ್ಯಾಗ್‌ಬರ್ಗ್ ಮತ್ತು ಜೊತೆಗಾರರು ಇಂಥದ್ದೇ 35 ಹುಡುಗಿಯರ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು, ಆಗ ಜಗತ್ತಿಗೆಲ್ಲ ಗೊತ್ತಾಯಿತು. ಕನ್ನಡದಲ್ಲಿ ವಿಜ್ಞಾನ ಬರೆಯುವ ನನಗೆ ಈ ಭಾಗ ಓದಿದಾಗಲೆಲ್ಲ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಇರಲಿ.

ಜೋಗ್ಬಿ ಆ ಇಂಗ್ಲಿಷ್ ಲೇಖನ ಓದಿದ್ದರು, ಮಗುವಿಗೆ ರೆಟ್ ಅಂತ ಗುರುತಿಸಿದರು. ಸ್ವಲ್ಪ ದಿನಕ್ಕೇ ಇನ್ನೊಂದು ಹುಡುಗಿ ಬಂದಳು. ಅವಳ ಫೈಲಿನಲ್ಲಿ ಬೇರೆ ಯಾವುದೋ ಕಾಯಿಲೆಯ ಹೆಸರಿತ್ತು, ಕೈ ಮಾತ್ರ ಅದೇ ಥರ ಆಡುತ್ತಿತ್ತು. ಆಮೇಲೆ ಆಸ್ಪತ್ರೆಯ ಹಳೇ ಫೈಲುಗಳನ್ನೆಲ್ಲ ತೆಗೆಸಿ ಹುಡುಕಿದರು, ಇನ್ನೂ ಸಿಕ್ಕವು. ಎಲ್ಲರೂ ಹುಡುಗಿಯರು, ಎಲ್ಲರಿಗೂ ಒಂದೇ ವಯಸ್ಸಿನ ಸುಮಾರಿಗೆ ಶುರು. ಹಾಗಿದ್ದರೆ ಇದು ಜೀನ್‌ನದ್ದೇ, ಅಂದರೆ ವಂಶವಾಹಿಯದ್ದೇ ಇರಬೇಕು ಅನ್ನುವುದು ಅವರ ಅನುಮಾನ. ರೋಗಿಗಳನ್ನು ನೋಡುತ್ತಿದ್ದ ಡಾಕ್ಟರ್, ಪೈಪೆಟ್ ಹಿಡಿಯುವುದನ್ನು ಮೊದಲಿಂದ ಕಲಿಯಲು ಜೆನೆಟಿಕ್ಸ್ ಲ್ಯಾಬಿಗೆ ಹೋಗಿ ಕೂತರು. ಅಲ್ಲಿ ಅವರ ಗುರು ಆರ್ಥರ್ ಬೋಡೆ ನೇರವಾಗಿಯೇ ಹೇಳಿದರು, ರೆಟ್ ಒಂದನ್ನೇ ನಂಬಿಕೊಂಡು ಕೂರಬೇಡ ಅಂತ. ಕಾರಣ ಸರಿಯಾಗಿಯೇ ಇತ್ತು. ಜೀನ್ ಹುಡುಕಲು ದೊಡ್ಡ ದೊಡ್ಡ ಕುಟುಂಬ ಬೇಕು, ತಾತನಿಗೂ ಮಗನಿಗೂ ಮೊಮ್ಮಗಳಿಗೂ ಬಂದಿರಬೇಕು. ರೆಟ್ ಹಾಗಲ್ಲ, ಮನೆತನದಲ್ಲಿ ಯಾರಿಗೂ ಇಲ್ಲದೆ ಒಂದು ಮಗುವಿಗೆ ಬಂದುಬಿಡುತ್ತದೆ. ಅದಕ್ಕೇ ಜೋಗ್ಬಿ ನಡಿಗೆಯ ಸಮತೋಲ ತಪ್ಪಿಸುವ ಇನ್ನೊಂದು ಕಾಯಿಲೆ ಹಿಡಿದರು, ಎಸ್‌ಸಿಎ1 ಅಂತ, ಅದು ವಂಶದಲ್ಲಿ ಸಾಲಾಗಿ ಬರುವಂಥದ್ದು. 1993ರಲ್ಲಿ ಅದರ ಜೀನ್ ಸಿಕ್ಕಿತು. ಮಿನೆಸೋಟಾದಲ್ಲಿದ್ದ ಹ್ಯಾರಿ ಆರ್ ಜೊತೆ ಸೇರಿ ಮಾಡಿದ ಕೆಲಸ, ಇಬ್ಬರ ಲ್ಯಾಬಿನಲ್ಲೂ ಒಂದೇ ದಿನ ಸಿಕ್ಕಿತು!

ಆದರೆ ರೆಟ್ ಬಿಟ್ಟಿರಲಿಲ್ಲ. ಜೀನ್‌ಗಳನ್ನು ಹೊತ್ತಿರುವ ಎಕ್ಸ್ ಕ್ರೋಮೋಸೋಮಿನ ಒಂದು ತುದಿಯಲ್ಲಿ ಇರಬಹುದು ಅಂತ ಗೊತ್ತಾದ ಮೇಲೆ ಅಲ್ಲಿರುವ ಜೀನ್ ಒಂದೊಂದನ್ನೇ ತೆಗೆದು ನೋಡುವುದು, ಇದಲ್ಲ ಅಂತ ಬದಿಗಿಡುವುದು. ಕೊನೆಗೆ 1999ರಲ್ಲಿ ಅವರ ಲ್ಯಾಬಿನ ರೂಥಿ ಆಮಿರ್ ಕೈಗೆ ಎಂಇಸಿಪಿ2 ಅನ್ನುವ ಜೀನ್ ಸಿಕ್ಕಿತು. ಮೊದಲ ಮಗು ಬಂದು ಅಷ್ಟು ಹೊತ್ತಿಗೆ 16 ವರ್ಷ ಆಗಿತ್ತು. ನಿನ್ನ ಈಗಿನ ವಯಸ್ಸಿಗೆ ಹತ್ತಿರ ಹತ್ತಿರ ಅಷ್ಟೇ ವರ್ಷ.

ಹಾಗಾಗಿ ನೀಟ್ ಬರೆ, ಸೀಟು ಸಿಕ್ಕರೆ ಸೇರು. ಸಿಗದಿದ್ದರೆ ಬಿಎಸ್ಸಿ ಮಾಡು. ಈ ಕೆಲಸದಲ್ಲಿ ಇರುವವರಲ್ಲಿ ಭೌತಶಾಸ್ತ್ರ ಓದಿ ಬಂದವರಿದ್ದಾರೆ, ಎಂಜಿನಿಯರಿಂಗ್ ಮಾಡಿ ಬಂದವರಿದ್ದಾರೆ, ಪ್ರಾಣಿವೈದ್ಯರೂ ಇದ್ದಾರೆ.

ಪ್ರಶ್ನೆ: ನಾನು ಹೈಸ್ಕೂಲ್ ವಿಜ್ಞಾನ ಶಿಕ್ಷಕ. ಜೀನ್ ಕೆಟ್ಟರೆ ನರಕೋಶ ಸಾಯಬೇಕು, ಅದರಿಂದ ಕಾಯಿಲೆ ಬರಬೇಕು. ನೀವು ಸಿನಾಪ್ಸ್ ಸಿನಾಪ್ಸ್ ಅನ್ನುತ್ತೀರಲ್ಲ, ಅದು ಯಾಕೆ ಮಧ್ಯೆ ಬಂತು?
— ಶಿಕ್ಷಕರು, ದಾವಣಗೆರೆ

ಉತ್ತರ: ಒಳ್ಳೆ ಪ್ರಶ್ನೆ ಸರ್. ಇಲ್ಲಿನ ಸೋಜಿಗವೇ ಅದು, ರೆಟ್‌ನಲ್ಲಿ ನರಕೋಶ ಸಾಯುವುದಿಲ್ಲ. ಪಾರ್ಕಿನ್ಸನ್, ಆಲ್ಜೈಮರ್ ಬೇರೆ, ಅಲ್ಲಿ ಸಾಯುತ್ತವೆ. ಇಲ್ಲಿ ಕೋಶ ಇದೆ, ಬದುಕಿದೆ, ಒಂದರಿಂದ ಇನ್ನೊಂದಕ್ಕೆ ಮಾತು ಮಾತ್ರ ಸರಿಯಾಗಿ ದಾಟುತ್ತಿಲ್ಲ. ಆ ದಾಟುವ ಜಾಗವೇ ಸಿನಾಪ್ಸ್. ಎರಡು ಕೋಶಗಳ ನಡುವಿನ ಸಂದಿ, ಅಗಲ ಸುಮಾರು 20 ನ್ಯಾನೋಮೀಟರ್, ಅಂದರೆ ತಲೆಗೂದಲಿನ ದಪ್ಪದ ಕೆಲವು ಸಾವಿರದಲ್ಲಿ ಒಂದು ಪಾಲು. ಈಚೆ ಕೋಶ ರಾಸಾಯನಿಕದ ಪೊಟ್ಟಣ ಒಡೆಯುತ್ತದೆ, ಆಚೆ ಕೋಶ ಅದನ್ನು ಹಿಡಿದುಕೊಳ್ಳುತ್ತದೆ. ಅಷ್ಟೇ. ನಾವು ಅಮ್ಮ ಅನ್ನುವುದೂ, ಲೆಕ್ಕ ಮಾಡುವುದೂ, ಜಗಳ ಆಡುವುದೂ ಅದರಲ್ಲೇ.

ಎಂಇಸಿಪಿ2 ಮಾಡುವ ಪ್ರೋಟೀನ್ ಡಿಎನ್ಎ ಮೇಲೆ ಕೂತು ಬೇರೆ ಸಾವಿರಾರು ಜೀನ್‌ಗಳ ದನಿ ಏರಿಸುವುದು ಇಳಿಸುವುದು ಮಾಡುತ್ತದೆ. 2007ರಲ್ಲಿ ಜೋಗ್ಬಿ ಮತ್ತು ಕ್ರಿಶ್ಚಿಯನ್ ರೋಸನ್‌ಮುಂಡ್ ಲ್ಯಾಬುಗಳು ಸೇರಿ ಇಲಿಯ ಒಂದೊಂದೇ ನರಕೋಶವನ್ನು ಬೇರೆ ಬೇರೆ ಬೆಳೆಸಿ ನೋಡಿದವು. ಈ ಪ್ರೋಟೀನ್ ಇಲ್ಲದ ಕೋಶದಲ್ಲಿ ಸಿನಾಪ್ಸ್‌ನ ಪ್ರತಿಕ್ರಿಯೆ 46% ಕಡಿಮೆ. ಪ್ರೋಟೀನ್ ಎರಡರಷ್ಟಿರುವ ಕೋಶದಲ್ಲಿ ಪ್ರತಿಕ್ರಿಯೆಯೂ ಎರಡರಷ್ಟು. ಒಂದೊಂದು ಸಿನಾಪ್ಸ್‌ನ ಬಲ ಬದಲಾಗಿರಲಿಲ್ಲ, ಸಿನಾಪ್ಸ್‌ಗಳ ಲೆಕ್ಕವೇ ಹೆಚ್ಚು ಕಡಿಮೆ ಆಗಿತ್ತು.

ಜಾಸ್ತಿ ಆದರೆ ಒಳ್ಳೆಯದಲ್ವಾ ಅಂತ ನಿಮ್ಮ ಮಕ್ಕಳು ಕೇಳುತ್ತಾರೆ ನೋಡಿ. ಅಲ್ಲ. ಈ ಜೀನ್ ಒಂದರ ಜಾಗದಲ್ಲಿ ಎರಡು ಪ್ರತಿ ಇದ್ದು ಹುಟ್ಟುವ ಗಂಡುಮಕ್ಕಳಿದ್ದಾರೆ, ಅವರಿಗೂ ಮಾತು ಬರುವುದು ಕಷ್ಟ, ಫಿಟ್ಸ್, ಮೇಲಿಂದ ಮೇಲೆ ಸೋಂಕು. ಸಾರಿಗೆ ಉಪ್ಪು ಇಲ್ಲದಿದ್ದರೂ ಎಲೆ ಮುಂದಿಂದ ಎದ್ದು ಹೋಗುತ್ತಾರೆ, ಎರಡು ಸಲ ಬಿದ್ದರೂ ಎದ್ದು ಹೋಗುತ್ತಾರೆ. ಚಿಕಿತ್ಸೆ ಇಷ್ಟು ಕಷ್ಟ ಆಗಿರುವುದೂ ಇದಕ್ಕೇ. ಜೀನ್ ಒಳಗೆ ಹಾಕುವುದೇನೋ ಹಾಕಬಹುದು, ಎಷ್ಟು ಹಾಕುವುದು?

ಅಳತೆಯ ಜೊತೆ ಹೊತ್ತಿನ ಪ್ರಶ್ನೆಯೂ ಇದೆ, ಅದಕ್ಕೆ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. ಸಿನ್‌ಗ್ಯಾಪ್1 ಅನ್ನುವ ಇನ್ನೊಂದು ಜೀನ್, ಇದು ಸಿನಾಪ್ಸ್‌ನಲ್ಲೇ ಕೆಲಸ ಮಾಡುವ ಪ್ರೋಟೀನಿನದು. 1998ರಲ್ಲಿ ಗೊತ್ತಾಯಿತು, 2009ರಲ್ಲಿ ಮಕ್ಕಳ ಬುದ್ಧಿ ಬೆಳವಣಿಗೆಯ ತೊಂದರೆಗೂ ಇದಕ್ಕೂ ಸಂಬಂಧ ಇದೆ ಅಂತ ಕೆನಡಾದವರು ತೋರಿಸಿದರು. ಜೇಮ್ಸ್ ಕ್ಲೆಮೆಂಟ್ ಅನ್ನುವವರು ಅಮೆರಿಕದಲ್ಲಿ ಗ್ಯಾವಿನ್ ರಂಬಾ ಅವರ ಲ್ಯಾಬಿನಲ್ಲಿದ್ದಾಗ ಈ ಜೀನ್‌ನ ಒಂದು ಪ್ರತಿ ಕೆಟ್ಟ ಇಲಿಗಳನ್ನು ನೋಡಿದರು. 2012ರಲ್ಲಿ ಬಂದ ಆ ಕೆಲಸ ಹೇಳಿದ್ದೇನೆಂದರೆ, ಮರಿ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಸಿನಾಪ್ಸ್‌ಗಳು ಹೊತ್ತಿಗೆ ಮುಂಚೆ ಬಲಿತುಬಿಡುತ್ತವೆ. ಕಾರ್ಬೈಡ್ ಹಾಕಿ ಹಣ್ಣು ಮಾಡಿದ ಮಾವಿನ ಹಾಗೆ, ಬಣ್ಣ ಬಂದಿರುತ್ತದೆ, ಒಳಗೆ ರುಚಿ ಕಟ್ಟಿರುವುದಿಲ್ಲ. ಕಲಿಯುವ ಕಾಲ ಶುರುವಾಗುವಷ್ಟರಲ್ಲಿ ಬದಲಾಗುವ ಗುಣವೇ ಕಡಿಮೆ ಆಗಿರುತ್ತದೆ. ಕ್ಲೆಮೆಂಟ್ ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್ ಅನ್ನುವ ಸಂಶೋಧನೆ ಸಂಸ್ಥೆಗೆ ಬಂದು ಅದೇ ಜೀನ್ ಮೇಲೆ ತಮ್ಮದೇ ಲ್ಯಾಬ್ ಕಟ್ಟಿದರು. ಈ ಕಸುಬಿನಲ್ಲಿ ಇದು ಮಾಮೂಲಿ ದಾರಿ. ಎಲ್ಲೋ ಯಾರದೋ ಲ್ಯಾಬಿನಲ್ಲಿ ಹಿಡಿದ ಎಳೆಯನ್ನು ತಂದು ತನ್ನ ಅಂಗಳದಲ್ಲಿ ನೇಯುವುದು.

ಪ್ರಶ್ನೆ: ಕೋಟಿಗಟ್ಟಲೆ ದುಡ್ಡು, ಇಷ್ಟು ವರ್ಷ. ಇಲಿಗೆ ವಾಸಿ ಆಯಿತು ಅಂತ ಪೇಪರಿನಲ್ಲಿ ಹತ್ತು ಸಲ ಓದಿದ್ದೇನೆ. ಮನುಷ್ಯರಿಗೆ ಯಾವಾಗ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಉತ್ತರ: ಈ ಕುಟುಕಿಗೆ ನಾವು ಅರ್ಹರೇ, ಒಪ್ಪಿದೆ. ಎರಡು ಕಥೆ ಹೇಳುತ್ತೇನೆ, ಲಾಭ ನಷ್ಟ ನೀವೇ ಲೆಕ್ಕ ಹಾಕಿ.

ಒಂದು. 2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ (ಎಂಇಸಿಪಿ2 ಮಾಡುವ ಪ್ರೋಟೀನನ್ನು 1992ರಲ್ಲೇ ಕಂಡುಹಿಡಿದವರು ಇವರು, ಆಗ ರೆಟ್‌ಗೂ ಇದಕ್ಕೂ ನಂಟಿದೆ ಅಂತ ಯಾರಿಗೂ ಗೊತ್ತಿರಲಿಲ್ಲ) ಕಾಯಿಲೆ ಜೋರಾಗಿದ್ದ ಇಲಿಗಳಲ್ಲಿ ಕೆಡಿಸಿಟ್ಟ ಜೀನನ್ನು ಮತ್ತೆ ಕೆಲಸಕ್ಕೆ ಹಚ್ಚಿದರು. ಇನ್ನೇನು ಸಾಯುತ್ತವೆ ಅಂದುಕೊಂಡಿದ್ದ ಇಲಿಗಳು ಎದ್ದು ಓಡಾಡಿದವು. ಅಲ್ಲಿಯವರೆಗೆ ಮಿದುಳು ಬೆಳೆಯುವಾಗ ಕೆಟ್ಟರೆ ಕೆಟ್ಟಂತೆಯೇ ಅಂತ ಎಲ್ಲರೂ ನಂಬಿದ್ದರು. ಆ ನಂಬಿಕೆ ಅವತ್ತು ಬಿದ್ದುಹೋಯಿತು. ಇದು ಸಣ್ಣ ಗಳಿಕೆ ಅಲ್ಲ ಸರ್.

ಇನ್ನೊಂದು ಫ್ರಜೈಲ್ ಎಕ್ಸ್ ಅನ್ನುವ ಕಾಯಿಲೆಯದು, ಒಂದು ಜೀನ್ ಕೆಟ್ಟು ಮಕ್ಕಳ ಬುದ್ಧಿ ಬೆಳವಣಿಗೆ ಹಿಂದೆ ಬೀಳುವಂಥದ್ದು. ಮಾರ್ಕ್ ಬೇರ್ ಅಂತ ಅಮೆರಿಕದ ಎಂಐಟಿಯ ವಿಜ್ಞಾನಿ, ಅವರು ಸಿನಾಪ್ಸ್‌ನ ಮೇಲೇ ಜೀವನ ಕಳೆದವರು. ಗ್ಲುಟಮೇಟ್ ಅನ್ನುವ ರಾಸಾಯನಿಕವನ್ನು ಆಚೆ ಕೋಶದ ಮೈಮೇಲೆ ಹಿಡಿಯುವ ಒಂದು ಬಗೆಯ ಗ್ರಾಹಕದ ಮಾತಿಗೆ ಈ ಕಾಯಿಲೆಯಲ್ಲಿ ತಡೆ ಇರುವುದಿಲ್ಲ, ಹಾಗಾಗಿ ಅದರ ಸದ್ದು ಕಡಿಮೆ ಮಾಡಿದರೆ ತೊಂದರೆ ಕಡಿಮೆ ಆಗಬೇಕು ಅಂತ 2004ರಲ್ಲಿ ಹೇಳಿದರು. ಇಲಿಯಲ್ಲಿ ಚೆನ್ನಾಗಿ ಆಯಿತು. ದೊಡ್ಡ ಔಷಧ ಕಂಪನಿಗಳು ಇಳಿದವು. ರೋಗಿಗಳ ಮೇಲೆ ಪ್ರಯೋಗ ಮಾಡಿದಾಗ ಮದ್ದೇ ಇಲ್ಲದ ಸುಳ್ಳು ಗುಳಿಗೆಗಿಂತ ಮೇಲು ಅಂತ ತೋರಿಸಲು ಆಗಲಿಲ್ಲ. ನೊವಾರ್ಟಿಸ್ 2014ರಲ್ಲಿ ಕೈಬಿಟ್ಟಿತು. ತಪ್ಪಿದ್ದು ಎಲ್ಲಿ? ಮಾತ್ರೆ ಕೊಟ್ಟದ್ದು ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ, ಅಷ್ಟು ಹೊತ್ತಿಗೆ ತಡವಾಗಿತ್ತು ಅನ್ನುವವರಿದ್ದಾರೆ. ಅಳೆದ ರೀತಿ ಸರಿ ಇಲ್ಲ ಅನ್ನುವವರೂ ಇದ್ದಾರೆ, ತಂದೆತಾಯಿಗೆ ಪ್ರಶ್ನಾವಳಿ ಕೊಟ್ಟು ಮಗು ಹೇಗಿದೆ ಅಂತ ಕೇಳಿದರೆ ಆಸೆಗೇ ಅರ್ಧ ಅಂಕ ಬೀಳುತ್ತದೆ. ನನಗೆ ಕೇಳಿದರೆ ಇಲಿಯ ಫಲಿತಾಂಶ ಬಂದ ಕೂಡಲೇ ಎಲ್ಲರೂ ಹಬ್ಬದ ಅಡುಗೆಗೆ ಒಲೆ ಹಚ್ಚಿಬಿಟ್ಟರು.

ರೆಟ್‌ಗೆ ಅಂತಲೇ ಮೊದಲ ಔಷಧ ಟ್ರೋಫಿನೆಟೈಡ್, ಅಮೆರಿಕದಲ್ಲಿ 2023ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ಸ್ವಲ್ಪ ಅನುಕೂಲ ಆಗುತ್ತದೆ, ತುಂಬಾ ಜನಕ್ಕೆ ಭೇದಿ ಆಗುತ್ತದೆ. ಕಾಯಿಲೆಯನ್ನು ಬೇರು ಸಮೇತ ಕೀಳುವ ಮದ್ದು ಅದಲ್ಲ. ಜೀನ್ ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆ, ಅಲ್ಲೂ ಎಷ್ಟು ಹಾಕುವುದು ಅನ್ನುವ ಅದೇ ಉಪ್ಪಿನ ಸಮಸ್ಯೆ.

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ 20 ತಿಂಗಳು. ಅಪ್ಪ, ಅತ್ತೆ, ಕಾಕಾ ಅನ್ನುತ್ತಿದ್ದವಳು ಮೂರು ತಿಂಗಳಿಂದ ಏನೂ ಮಾತಾಡುತ್ತಿಲ್ಲ. ಕರೆದರೆ ತಿರುಗುವುದಿಲ್ಲ. ದೃಷ್ಟಿ ತೆಗೆಸಿದ್ದಾಯಿತು. ಬಸಿರಿನಲ್ಲಿ ನಾನು ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಅನ್ನುತ್ತಿದ್ದಾರೆ.
— ಒಬ್ಬ ತಾಯಿ, ಗದಗ

ಉತ್ತರ: ಮೊದಲು ಕೊನೆಯ ಮಾತಿಗೆ ಉತ್ತರ. ಗ್ರಹಣದಿಂದ ಇಂಥದ್ದೇನೂ ಆಗುವುದಿಲ್ಲ. ನೀವೇನೂ ತಪ್ಪು ಮಾಡಿಲ್ಲ, ಇದನ್ನು ಓದಿ ತೋರಿಸಿ ಅವರಿಗೆ.

ಈಗ ಮಗು. ಬಂದ ಮಾತು ಹೋಗುವುದನ್ನು ಕಾದು ನೋಡೋಣ ಅಂತ ಬಿಡಬಾರದು ತಂಗಿ. ಇದು ರೆಟ್ ಅಂತ ನಾನು ಹೇಳುತ್ತಿಲ್ಲ, ಪತ್ರ ನೋಡಿ ಯಾರೂ ಹೇಳಲಾರರು. ಕಿವಿ ಕೇಳಿಸದಿದ್ದರೂ ಹೀಗಾಗಬಹುದು, ಆಟಿಸಂ ಇರಬಹುದು, ಕಣ್ಣಿಗೆ ಕಾಣದ ಫಿಟ್ಸ್ ಇರಬಹುದು. ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ, ಮಕ್ಕಳ ನರರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳಿ. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಗಳಿವೆ, ನಿಮಗೆ ಹತ್ತಿರದ್ದು ಎಲ್ಲಿ ಅಂತ ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿಗೆ ಬರಲು ಆದರೆ ನಿಮ್ಹಾನ್ಸ್ ಇದೆ. ಹೋಗುವಾಗ ಮಗು ಮೊದಲು ಮಾತಾಡುತ್ತಿದ್ದಾಗಿನ ವಿಡಿಯೋ ಮೊಬೈಲಿನಲ್ಲಿ ಇದ್ದರೆ ಹುಡುಕಿ ಇಟ್ಟುಕೊಳ್ಳಿ, ಈಗ ಕೈ ಹೇಗೆ ಆಡಿಸುತ್ತಾಳೆ ಅನ್ನುವುದನ್ನೂ ಎರಡು ನಿಮಿಷ ತೆಗೆದುಕೊಳ್ಳಿ. ಡಾಕ್ಟರಿಗೆ ಅದು ನೀವು ಬಾಯಲ್ಲಿ ಹೇಳುವುದಕ್ಕಿಂತ ಜಾಸ್ತಿ ಹೇಳುತ್ತದೆ.

ಒಂದು ವೇಳೆ ಜೀನ್ ಪರೀಕ್ಷೆಯಲ್ಲಿ ಏನಾದರೂ ಬಂದರೂ ಒಂದು ಮಾತು ನೆನಪಿರಲಿ. ಇಂಥ ಬದಲಾವಣೆಗಳಲ್ಲಿ ಹೆಚ್ಚಿನವು ಹೊಸದಾಗಿ ಆದಂಥವು, ಅಮ್ಮನಲ್ಲೂ ಇರುವುದಿಲ್ಲ, ಅಪ್ಪನಲ್ಲೂ ಇರುವುದಿಲ್ಲ. ಪುಸ್ತಕ ನಕಲು ಮಾಡುವಾಗ ಒಂದು ಅಕ್ಷರ ತಪ್ಪಿದಂತೆ. ಯಾರ ಮನೆತನದ ದೋಷವೂ ಅಲ್ಲ.

ಪ್ರಶ್ನೆ: ಮಗ ನ್ಯೂರೋಸೈನ್ಸ್ ಪಿಎಚ್‌ಡಿ ಅನ್ನುತ್ತಿದ್ದಾನೆ. ಹೊಟ್ಟೆ ತುಂಬುತ್ತದೆಯೇ?
— ಒಬ್ಬ ತಂದೆ, ಸಾಗರ

ಉತ್ತರ: ಅವನೊಬ್ಬನದು ತುಂಬುತ್ತದೆ. ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಅನ್ನುವ ಸಂಶೋಧನೆಯ ಫೆಲೋಶಿಪ್ ಸಿಕ್ಕರೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ ₹37,000, ಎರಡು ವರ್ಷದ ಮೇಲೆ ₹42,000, ಬಾಡಿಗೆ ಭತ್ಯೆ ಬೇರೆ. ಸರಿಯಾಗಿ ತಿಂಗಳು ತಿಂಗಳು ಬರುತ್ತದೆಯೇ ಅಂತ ಕೇಳಬೇಡಿ, ನಾನು ಒಮ್ಮೆ ಐದು ತಿಂಗಳು ರೂಮ್‌ಮೇಟ್ ಸಾಲದಲ್ಲಿ ಬದುಕಿದ್ದೇನೆ. ಪಿಎಚ್‌ಡಿಗೆ ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್ ಅನ್ನುವ ತಾತ್ಕಾಲಿಕ ಸಂಶೋಧನೆ ಕೆಲಸ ಅಂತ ಮತ್ತೆ ನಾಲ್ಕೈದು ವರ್ಷ, ಬಹುಪಾಲು ಹೊರದೇಶ. ಕಾಯಂ ಕೆಲಸ ಸಿಗುವ ಹೊತ್ತಿಗೆ ಅವನ ಜೊತೆ ಬಿಇ ಮಾಡಿದವರು ಎರಡನೇ ಸೈಟ್ ನೋಡುತ್ತಿರುತ್ತಾರೆ. ಎಲ್ಲರಿಗೂ ಪ್ರೊಫೆಸರ್ ಕೆಲಸ ಸಿಗುವುದೂ ಇಲ್ಲ, ನನಗೇ ಸಿಗಲಿಲ್ಲ, ನೋಡಿ ಇಲ್ಲಿ ಅಂಕಣ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲೇ ಐಐಎಸ್‌ಸಿ, ಎನ್‌ಸಿಬಿಎಸ್, ನಿಮ್ಹಾನ್ಸ್‌ನಂಥ ಸಂಶೋಧನೆ ಸಂಸ್ಥೆಗಳೆಲ್ಲ ಇವೆ. ಸೇರುವ ಮುಂಚೆ ಎರಡು ತಿಂಗಳು ಬೇಸಿಗೆ ತರಬೇತಿಗೆ ಯಾವುದಾದರೂ ಲ್ಯಾಬಿಗೆ ಕಳಿಸಿ. ಆಸೆ ಉಳಿದರೆ ತಡೆಯಬೇಡಿ.

ಪ್ರಶ್ನೆ: ಬಾದಾಮಿ ತಿಂದರೆ ಸಿನಾಪ್ಸ್ ಹೆಚ್ಚಾಗುತ್ತವೆಯೇ?
— ಗೃಹಿಣಿ, ಬಳ್ಳಾರಿ

ಉತ್ತರ: ಖರ್ಚು ಹೆಚ್ಚಾಗುತ್ತದೆ. ಕಡಲೆಬೀಜ ತಿನ್ನಿ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿ.

ಪ್ರಶ್ನೆ: ಸಿನಾಪ್ಸ್ ಮೇಲೆ ಕೆಲಸ ಮಾಡುತ್ತಿದ್ದೆ ಅಂತೀರಲ್ಲ, ಇಡೀ ದಿನ ಏನು ಮಾಡುತ್ತಿದ್ದಿರಿ?
— ಬಿಎಸ್ಸಿ ವಿದ್ಯಾರ್ಥಿ, ಧಾರವಾಡ

ಉತ್ತರ: ಹೀರುತ್ತಿದ್ದೆ. ತಮಾಷೆ ಅಲ್ಲ, ಹೇಳುತ್ತೇನೆ ಕೇಳು.

ಬೆಳಗ್ಗೆ ಏಳಕ್ಕೇ ಇಲಿಯ ಮಿದುಳಿನಿಂದ 0.3 ಮಿಲಿಮೀಟರ್ ದಪ್ಪದ ಹಾಳೆ ಕತ್ತರಿಸಬೇಕು, ಅದಕ್ಕೆ ಸ್ಲೈಸ್ ಅನ್ನುತ್ತೇವೆ. ಉಪ್ಪು ಸಕ್ಕರೆ ಬೆರೆಸಿದ ನೀರಿನಲ್ಲಿ ಆಕ್ಸಿಜನ್ ಗುಳ್ಳೆ ಬಿಡುತ್ತಾ ಇಟ್ಟರೆ ಕೆಲವು ಗಂಟೆ ಆ ಹಾಳೆ ಬದುಕಿರುತ್ತದೆ. ಗಾಜಿನ ಸಣ್ಣ ಕೊಳವೆಯನ್ನು ಕಾಯಿಸಿ ಎಳೆದರೆ ತುದಿ ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು) ಆಗುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಆ ತುದಿಯನ್ನು ಒಂದು ನರಕೋಶದ ಮೈಗೆ ಮುಟ್ಟಿಸಬೇಕು. ಕೊಳವೆಯ ಇನ್ನೊಂದು ಕಡೆ ರಬ್ಬರ್ ಪೈಪು, ಅದರ ತುದಿ ನಮ್ಮ ಬಾಯಲ್ಲಿ. ಮೆಲ್ಲಗೆ ಹೀರಿದರೆ ಕೋಶದ ಪೊರೆ ಗಾಜಿಗೆ ಅಂಟಿಕೊಳ್ಳುತ್ತದೆ. ತೆರೆಯ ಮೇಲೆ ಓಮ್‌ಗಳ, ಅಂದರೆ ವಿದ್ಯುತ್ತಿನ ತಡೆಯ ಲೆಕ್ಕ ಏರುತ್ತಾ ಏರುತ್ತಾ ನೂರು ಕೋಟಿ ದಾಟಬೇಕು, ಆಗ 'ಸೀಲ್ ಬಂತು' ಅನ್ನುತ್ತೇವೆ. ಇನ್ನೊಂದು ಚಿಕ್ಕ ಗುಟುಕು, ಪೊರೆ ತೂತಾಗುತ್ತದೆ, ಕೋಶದ ಒಳಗಿನ ಸದ್ದು ನಮಗೆ ಸಿಗುತ್ತದೆ. ಜೋರಾಗಿ ಹೀರಿದರೆ ಕೋಶ ಸತ್ತಿತು. ಯಾರಾದರೂ ಬಾಗಿಲು ದಢಾರನೆ ಹಾಕಿದರೂ ಸತ್ತಿತು. ಈ ಉಪಾಯ ಕಂಡುಹಿಡಿದ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್‌ಗೆ 1991ರಲ್ಲಿ ನೊಬೆಲ್ ಕೊಟ್ಟರು.

ಎಲ್ಲ ಸರಿಯಾದರೆ ತೆರೆಯ ಮೇಲೆ ನೇರ ಗೆರೆ, ಅದರಲ್ಲಿ ಆಗಾಗ ಕೆಳಕ್ಕೆ ಸಣ್ಣ ಸಣ್ಣ ಗುಳಿ. ಒಂದೊಂದು ಗುಳಿಯೂ ಎಲ್ಲೋ ಒಂದು ಸಿನಾಪ್ಸ್‌ನಲ್ಲಿ ಒಂದು ಪೊಟ್ಟಣ ಒಡೆದ ಗುರುತು. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ ಅಂದಿತ್ತು. ಇನ್ನೂರನೇ ಕೋಶದ ಹೊತ್ತಿಗೆ ಅದು ಸೊಪ್ಪು ಬಿಡಿಸುವ ಕೆಲಸದ ಹಾಗೆ. ಗುಳಿ ಎಣಿಸು, ಎತ್ತರ ಅಳೆ, ಬರೆ. ಯಾವ ಇಲಿಯ ಜೀನ್ ಕೆಟ್ಟಿದೆ, ಯಾವುದರದ್ದು ಸರಿ ಇದೆ ಅನ್ನುವುದನ್ನು ನಮಗೆ ಹೇಳುವುದಿಲ್ಲ, ಹೇಳಿದರೆ ಕಣ್ಣು ತನಗೆ ಬೇಕಾದ್ದನ್ನು ಎಣಿಸುತ್ತದೆ. ಬರೀ ನಂಬರ್. ಯಾವ ನಂಬರ್ ಯಾವ ಇಲಿಯದು ಅಂತ ಬರೆದ ಚೀಟಿ ಜೂನಿಯರ್ ಹುಡುಗನ ಡ್ರಾಯರಿನಲ್ಲಿ.

ಏಳು ತಿಂಗಳು ಎಣಿಸಿದ ಮೇಲೆ ಒಂದು ಶುಕ್ರವಾರ ಸಂಜೆ ಚೀಟಿ ಬಿಚ್ಚಿದೆವು. ಎರಡು ಗುಂಪಿಗೂ ಏನೂ ವ್ಯತ್ಯಾಸ ಇಲ್ಲ. ಒಂದರ ಮೇಲೆ ಒಂದು ಇಟ್ಟಂತೆ ಎರಡು ಗೆರೆ. ನಾನು ಕುರ್ಚಿಯಿಂದ ಏಳಲಿಲ್ಲ. ನಮ್ಮ ಗೈಡ್ ಗ್ರಾಫನ್ನು ಸ್ವಲ್ಪ ಹೊತ್ತು ನೋಡಿದರು, ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. ಆಮೇಲೆ ಕೇಳಿದರು, "ಇನ್ನೂ ಚಿಕ್ಕ ಮರಿಗಳಲ್ಲಿ ನೋಡಬೇಕಲ್ವಾ? ಸೋಮವಾರ ಎಷ್ಟೊತ್ತಿಗೆ ಸ್ಲೈಸ್?"